ವಿಡಿಯೋ ಓಡುತ್ತಿಲ್ಲ ಎಂದರೆ ಎಲ್ಲಿಂದ ಹುಡುಕಬೇಕು? ರೆಕಾರ್ಡಿಂಗ್, ಪ್ಲೇಬ್ಯಾಕ್, ಡಿಕೋಡಿಂಗ್ ತೊಂದರೆಗಳಿಗೆ ಸಮಗ್ರ ಮಾರ್ಗದರ್ಶಿ

ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಆ್ಯಪ್ ಮಾಡಿಕೊಡುವವರಿಗೆ ಈ ಫೋನ್ ಹೊಸದಲ್ಲ: "ಸರ್, ವಿಡಿಯೋ ರೆಕಾರ್ಡ್ ಆಗೇತಿ, ಆದ್ರ ಓಪನ್ ಆಗವಲ್ದು." ದೂರು ಒಂದೇ ಸಾಲು. ಕಾರಣ ಮಾತ್ರ ಹತ್ತಾರು. ಕ್ಯಾಮೆರಾ ಫ್ರೇಮೇ, ಅಂದರೆ ಬಿಡಿ ಚಿತ್ರವೇ, ಕೊಟ್ಟಿಲ್ಲದಿರಬಹುದು. ಚಿತ್ರವನ್ನು ಕುಗ್ಗಿಸುವ ಎನ್‌ಕೋಡರ್ ಕೊಟ್ಟದ್ದು ಫೈಲ್‌ಗೆ ಪೂರ್ತಿ ಬರೆದಿಲ್ಲದಿರಬಹುದು. ಫೈಲ್ ಚೆನ್ನಾಗೇ ಇದ್ದು, ಕುಗ್ಗಿಸಿದ್ದನ್ನು ಬಿಚ್ಚುವ ಆ ಫೋನಿನ ಡಿಕೋಡರ್‌ಗೆ ಅದು ಬಾರದಿರಬಹುದು. ಡಿಕೋಡ್ ಆದ ಚಿತ್ರವನ್ನು ನಮ್ಮ ಕೋಡೇ ತಪ್ಪಾಗಿ ತೋರಿಸುತ್ತಿರಬಹುದು.

ಈ ಕೆಲಸದಲ್ಲಿ ದಿನಗಟ್ಟಲೆ ಹಾಳಾಗುವುದು ತಪ್ಪು ಇಲ್ಲದ ಕಡೆ ರಿಪೇರಿ ಮಾಡುವುದರಿಂದ. ಪ್ಲೇಯರ್ ಬದಲಿಸುತ್ತಾರೆ, ಲೈಬ್ರರಿ ಅಪ್‌ಡೇಟ್ ಮಾಡುತ್ತಾರೆ, ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಎಂಬುದು) ಇಳಿಸುತ್ತಾರೆ. ಮೂರನ್ನೂ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ. ಹಾಗಾಗಿ ಈ ಇಡೀ ಬರಹದ ಕ್ರಮ ಒಂದೇ: ಕೋಡ್ ಮುಟ್ಟುವ ಮೊದಲು ಫೈಲ್ ನೋಡಿ. ತಪ್ಪು ಯಾವ ಹಂತದ್ದು ಎಂದು ಫೈಲೇ ಹೇಳುತ್ತದೆ.

ಹಂತ 1: ಕೆಟ್ಟ ಫೈಲನ್ನೇ ತರಿಸಿಕೊಳ್ಳಿ

ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಕಳಿಸುತ್ತಾರೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ವಿಡಿಯೋ ಆಗಿ ಕಳಿಸಿದಾಗ ವಾಟ್ಸ್‌ಆ್ಯಪ್ ಅದನ್ನು ಮತ್ತೆ ಎನ್‌ಕೋಡ್ ಮಾಡಿ ಕುಗ್ಗಿಸುತ್ತದೆ. ಮೂಲ ಫೈಲಿನ ರೋಗ ಅಲ್ಲೇ ಮಾಯವಾಗಿರುತ್ತದೆ. "ಡಾಕ್ಯುಮೆಂಟ್ ಅಂತ ಕಳಿಸ್ರಿ" ಎಂದು ಹೇಳಿ, ಇಲ್ಲವೇ ಡ್ರೈವ್‌ಗೆ ಹಾಕಿಸಿ.

ಜೊತೆಗೆ ಕೇಳಬೇಕಾದವು: ಫೋನ್ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಎಷ್ಟು ಜಾಗ ಖಾಲಿ ಇತ್ತು, ರೆಕಾರ್ಡ್ ಆಗುವಾಗ ತೆರೆ ಆಫ್ ಆಗಿತ್ತಾ, ಚಾರ್ಜಿಗೆ ಹಾಕಿದ್ದರಾ. ಅದೇ ಫೋನಿನಿಂದ ಚೆನ್ನಾಗಿ ಓಡುವ ಒಂದು ಫೈಲನ್ನೂ ತರಿಸಿಕೊಳ್ಳಿ. ಹೋಲಿಸಲು ಬೇಕು. ಕೆಟ್ಟದ್ದನ್ನು ದುರಸ್ತಿ ಮಾಡಲೂ ಬೇಕಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಈಗ ಅದೇ ಫೈಲನ್ನು ಮೂರು ಕಡೆ ಓಡಿಸಿ: ಫೋನಿನ ಗ್ಯಾಲರಿ, ವಿಎಲ್‌ಸಿ ಎಂಬ ಉಚಿತ ಪ್ಲೇಯರ್, ಕ್ರೋಮ್ ಬ್ರೌಸರ್. ವಿಎಲ್‌ಸಿ ತನ್ನದೇ ಡಿಕೋಡರ್‌ಗಳನ್ನು ಜೊತೆಗೆ ತರುತ್ತದೆ, ಹಾಗಾಗಿ ಬಹುತೇಕ ಎಲ್ಲವನ್ನೂ ಓಡಿಸುತ್ತದೆ. ವಿಎಲ್‌ಸಿಯಲ್ಲಿ ಓಡಿ ಬ್ರೌಸರ್‌ನಲ್ಲಿ ಓಡದಿದ್ದರೆ ಫೈಲ್ ಜೀವಂತ ಇದೆ. ಕೋಡೆಕ್ (ಕುಗ್ಗಿಸಿದ ವಿಧಾನ) ಅಥವಾ ಪಿಕ್ಸೆಲ್ ಫಾರ್ಮ್ಯಾಟ್ (ಬಣ್ಣ ಬರೆದಿಡುವ ರೀತಿ) ನೋಡಿ. ಎಲ್ಲೂ ತೆರೆಯದಿದ್ದರೆ ತಪ್ಪು ರೆಕಾರ್ಡಿಂಗ್ ಕಡೆಯದು. ಗ್ಯಾಲರಿಯಲ್ಲಿ ಓಡಿ ನಿಮ್ಮ ಆ್ಯಪ್‌ನಲ್ಲಿ ಮಾತ್ರ ಓಡದಿದ್ದರೆ ನಿಮ್ಮ ಪ್ಲೇಬ್ಯಾಕ್ ಕೋಡ್ ತೆರೆಯಿರಿ. ಐದು ನಿಮಿಷದ ಈ ಕೆಲಸ ಅರ್ಧ ದಾರಿ ಕಳೆಯುತ್ತದೆ.

ಹಂತ 2: ಒಳಗೆ ಏನಿದೆ ಎಂದು ಓದಿ

ಎಂಪಿ4, ಎಂಕೆವಿ, ಎವಿಐ, ವೆಬ್‌ಎಂ ಇವು ಕಂಟೇನರ್‌ಗಳು, ಅಂದರೆ ಚಿತ್ರ, ಧ್ವನಿ ತುಂಬುವ ಚೀಲಗಳು. ಎಚ್.264, ಎಚ್.265, ವಿಪಿ9, ಎವಿ1 ಇವು ಕೋಡೆಕ್‌ಗಳು. ಗಂಗಾವತಿಯ ಮಿಲ್ಲಿನಿಂದ ಹೊರಟ ಚೀಲದ ಮೇಲೆ ಸೋನಾ ಮಸೂರಿ ಎಂದು ಬರೆದಿದ್ದರೂ ಒಳಗಿನ ಅಕ್ಕಿ ಯಾವುದು ಎಂದು ತಿಳಿಯಲು ಚೀಲ ಬಿಚ್ಚಲೇಬೇಕು. ಹಾಗೆಯೇ ಎಂಪಿ4 ಎಂಬ ಹೆಸರಿನ ಫೈಲ್ ಒಳಗೆ 2003ರ ಎಚ್.264 ಇರಬಹುದು, 2013ರ ಎಚ್.265 ಇರಬಹುದು. ಮೊದಲನೆಯದು ಎಲ್ಲ ಕಡೆ ಓಡುತ್ತದೆ. ಎರಡನೆಯದು ಹಳೆಯ ಕಂಪ್ಯೂಟರ್‌ನಲ್ಲಿ ಕಪ್ಪು ತೆರೆ ತೋರಿಸಿ ಬರೀ ಧ್ವನಿ ಕೇಳಿಸಬಹುದು.

ಬಿಚ್ಚಿ ನೋಡಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೋ ಸಾಧನದ ಜೊತೆ ಬರುವ ಎಫ್‌ಎಫ್‌ಪ್ರೋಬ್ ಸಾಕು. ಶೋ ಸ್ಟ್ರೀಮ್ಸ್, ಶೋ ಫಾರ್ಮ್ಯಾಟ್ ಎರಡೂ ಆಯ್ಕೆ ಕೊಟ್ಟು ಫೈಲ್ ಹೆಸರು ಕೊಡಿ. ಉದ್ದನೆಯ ಪಟ್ಟಿ ಬರುತ್ತದೆ, ಗಾಬರಿ ಬೇಡ. ಕೆಲವು ಸಾಲು ನೋಡಿದರೆ ಸಾಕು. ಕೋಡೆಕ್ ಹೆಸರು ಮತ್ತು ಪ್ರೊಫೈಲ್. ಪಿಕ್ಸೆಲ್ ಫಾರ್ಮ್ಯಾಟ್. ಅಗಲ, ಎತ್ತರ. ಎರಡು ಫ್ರೇಮ್ ರೇಟ್‌ಗಳು: ಒಂದು ಆರ್ ಫ್ರೇಮ್ ರೇಟ್, ಇನ್ನೊಂದು ಸರಾಸರಿ. ಇವೆರಡೂ ಬೇರೆ ಬೇರೆ ಇದ್ದರೆ ಫ್ರೇಮ್‌ಗಳ ನಡುವಿನ ಅಂತರ ಒಂದೇ ಸಮ ಇಲ್ಲ ಎಂಬ ಸುಳಿವು. ಟೈಮ್ ಬೇಸ್, ಅಂದರೆ ಸಮಯ ಎಣಿಸುವ ಮಾನ. ಅವಧಿ. ಕೊನೆಗೆ ತಿರುಗಿಸುವ ಸೂಚನೆ, ಅಂದರೆ ರೊಟೇಶನ್.

ಆಮೇಲೆ ಎಫ್‌ಎಫ್‌ಎಂಪೆಗ್‌ಗೆ ಲಾಗ್ ಮಟ್ಟ ಎರರ್ ಎಂದು ಕೊಟ್ಟು, ಔಟ್‌ಪುಟ್ ಫಾರ್ಮ್ಯಾಟ್ ನಲ್ ಎಂದು ಕೊಟ್ಟು ಇಡೀ ಫೈಲ್ ಡಿಕೋಡ್ ಮಾಡಿಸಿ. ಅದು ಯಾವ ಫೈಲನ್ನೂ ಬರೆಯುವುದಿಲ್ಲ, ಓದಿ ತಪ್ಪು ಸಿಕ್ಕರೆ ಹೇಳುತ್ತದೆ ಅಷ್ಟೇ. ಒಂದೂ ಸಾಲು ಬಾರದೆ ಮುಗಿದರೆ ಡೇಟಾ ಚೆನ್ನಾಗಿದೆ ಎಂದೇ ತಿಳಿದು ಪ್ಲೇಬ್ಯಾಕ್ ಕಡೆ ತಿರುಗಿ.

ಹಂತ 3: ಫೈಲ್ ದೊಡ್ಡದಿದೆ, ಆದರೆ ಎಲ್ಲೂ ತೆರೆಯುವುದಿಲ್ಲ

ಇದು ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ ಕಾಡುವ ರೋಗ. ಕರೆಂಟ್ ಹೋಗುತ್ತದೆ, ಫೋನ್ ಆಫ್ ಆಗುತ್ತದೆ, ಆ್ಯಪ್ ಕ್ರ್ಯಾಶ್ ಆಗುತ್ತದೆ. ಗಿಗಾಬೈಟ್‌ಗಟ್ಟಲೆ ಫೈಲ್ ಉಳಿದಿರುತ್ತದೆ. ತೆರೆದರೆ "ಮೂವ್ ಆಟಮ್ ನಾಟ್ ಫೌಂಡ್" ಎಂಬ ಸಂದೇಶ.

ಕಾರಣ ಎಂಪಿ4 ಕಟ್ಟಿರುವ ರೀತಿಯಲ್ಲೇ ಇದೆ. ಚಿತ್ರ ಮತ್ತು ಧ್ವನಿಯ ಡೇಟಾ ಎಂಡ್ಯಾಟ್ ಎಂಬ ಪೆಟ್ಟಿಗೆಯಲ್ಲಿ ಕೂರುತ್ತದೆ. ಯಾವ ಫ್ರೇಮ್ ಎಲ್ಲಿದೆ, ಎಷ್ಟು ಉದ್ದ, ಯಾವ ಸಮಯಕ್ಕೆ ತೋರಿಸಬೇಕು, ಕೋಡೆಕ್ ಯಾವುದು, ಈ ಲೆಕ್ಕವೆಲ್ಲ ಮೂವ್ ಎಂಬ ಪೆಟ್ಟಿಗೆಯಲ್ಲಿ. ಸಾಮಾನ್ಯ ರೆಕಾರ್ಡರ್ ಮೂವ್ ಅನ್ನು ಬರೆಯುವುದು ಸ್ಟಾಪ್ ಒತ್ತಿದ ಮೇಲೆ. ನಡುವೆ ನಿಂತರೆ ಚಿತ್ರವೆಲ್ಲ ಡಿಸ್ಕಿನಲ್ಲಿ ಇದ್ದರೂ ಲೆಕ್ಕದ ಪುಟವೇ ಇರುವುದಿಲ್ಲ.

ಹೋದದ್ದನ್ನು ಎತ್ತಲು ದಾರಿ ಇದೆ. ಅನ್‌ಟ್ರಂಕ್ ಎಂಬ ಉಚಿತ ಸಾಧನಕ್ಕೆ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಚೆನ್ನಾಗಿರುವ ಒಂದು ಫೈಲ್ ಕೊಡಿ, ಜೊತೆಗೆ ಕೆಟ್ಟದ್ದನ್ನು ಕೊಡಿ. ಚೆನ್ನಾಗಿರುವುದರ ಮಾದರಿ ನೋಡಿ ಕೆಟ್ಟದ್ದಕ್ಕೆ ಲೆಕ್ಕ ಮತ್ತೆ ಕಟ್ಟುತ್ತದೆ. ಮೊದಲ ಹಂತದಲ್ಲಿ ಒಳ್ಳೆಯ ಫೈಲ್ ಕೇಳಿ ಎಂದದ್ದು ಇದಕ್ಕೇ. ಕೆಟ್ಟ ಫೈಲಿನ ಪ್ರತಿಯ ಮೇಲೆ ಕೆಲಸ ಮಾಡಿ, ಮೂಲ ಮುಟ್ಟಬೇಡಿ.

ಆದರೆ ಅಸಲಿ ಕೆಲಸ ಹೀಗಾಗದಂತೆ ಮಾಡುವುದು. ಬಳ್ಳಾರಿ ಕಡೆ ಬಯಲಾಟ ಶುರುವಾಗುವುದು ರಾತ್ರಿ ಊಟ ಆದಮೇಲೆ, ಮುಗಿಯುವುದು ಬೆಳಗಿನ ಜಾವ. ಅಂಥದ್ದನ್ನು ದಾಖಲಿಸುವ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. 8 ಎಂಬಿಪಿಎಸ್ ಬಿಟ್‌ರೇಟ್ ಇಟ್ಟರೆ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ, 8 ಗಂಟೆಗೆ ಸುಮಾರು 29 ಜಿಬಿ. ಇದನ್ನು ಒಂದೇ ಫೈಲ್ ಮಾಡುವುದು ಸಲ್ಲದು. 32 ಜಿಬಿವರೆಗಿನ ಮೆಮೊರಿ ಕಾರ್ಡ್‌ಗಳು ಸಾಮಾನ್ಯವಾಗಿ ಫ್ಯಾಟ್32 ಆಗಿರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಮೇಲಿನ ಲೆಕ್ಕದಲ್ಲಿ ರೆಕಾರ್ಡಿಂಗ್ ಸುಮಾರು 71 ನಿಮಿಷಕ್ಕೆ ನಿಲ್ಲುತ್ತದೆ. "ಎಷ್ಟು ಸಲ ಮಾಡಿದ್ರೂ ಒಂದು ತಾಸು ಹತ್ತು ನಿಮಿಷಕ್ಕ ನಿಂತುಬಿಡ್ತೈತ್ರಿ" ಎಂದು ಯಾರಾದರೂ ಹೇಳಿದರೆ ಕೋಡ್ ನೋಡುವ ಮೊದಲು ಕಾರ್ಡಿನ ಫಾರ್ಮ್ಯಾಟ್ ಕೇಳಿ.

ಪರಿಹಾರ, ತುಂಡು ತುಂಡಾಗಿ ಬರೆಯುವುದು. ಆಂಡ್ರಾಯ್ಡ್ 8ರಿಂದ ಅದರದೇ ರೆಕಾರ್ಡಿಂಗ್ ಭಾಗವಾದ ಮೀಡಿಯಾರೆಕಾರ್ಡರ್‌ನಲ್ಲಿ ಗರಿಷ್ಠ ಫೈಲ್ ಗಾತ್ರ ಗೊತ್ತುಮಾಡಿ, ಮುಂದಿನ ಫೈಲನ್ನು ಮೊದಲೇ ಕೊಟ್ಟಿಡಬಹುದು. ಒಂದು ತುಂಡು ತುಂಬಿದರೆ ರೆಕಾರ್ಡಿಂಗ್ ನಿಲ್ಲದೆ ಇನ್ನೊಂದಕ್ಕೆ ಹೋಗುತ್ತದೆ. 600 ಎಂಬಿ ಇಟ್ಟರೆ ಹತ್ತು ನಿಮಿಷದ ತುಂಡು. ಕರೆಂಟ್ ಹೋದರೂ ಹೋಗುವುದು ಹತ್ತು ನಿಮಿಷ ಮಾತ್ರ. ಇನ್ನೂ ಗಟ್ಟಿ ಬೇಕೆಂದರೆ ಫ್ರಾಗ್‌ಮೆಂಟೆಡ್ ಎಂಪಿ4 ಬಳಸಿ. ಅದರಲ್ಲಿ ಲೆಕ್ಕವನ್ನು ಆಗಾಗ ಬರೆಯುತ್ತಾ ಹೋಗುವುದರಿಂದ ಕೊನೆಯ ಚೂರು ಮಾತ್ರ ಹೋಗುತ್ತದೆ. ಆಂಡ್ರಾಯ್ಡ್‌ನ ಮೀಡಿಯಾ3 ಲೈಬ್ರರಿಯಲ್ಲಿ ಅದಕ್ಕೆ ಮಕ್ಸರ್ (ಚಿತ್ರ, ಧ್ವನಿಯನ್ನು ಫೈಲ್‌ಗೆ ಸೇರಿಸುವ ಭಾಗ) ಇದೆ. ಕಂಪ್ಯೂಟರ್‌ನಲ್ಲಿ ಓಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರು ಎಂಕೆವಿಯಲ್ಲಿ ದಾಖಲಿಸಿ, ಆಮೇಲೆ ಎಂಪಿ4ಗೆ ರೀಮಕ್ಸ್ ಮಾಡಿಕೊಳ್ಳಿ. ರೀಮಕ್ಸ್ ಎಂದರೆ ಒಳಗಿನದನ್ನು ಹಾಗೇ ಬೇರೆ ಕಂಟೇನರ್‌ಗೆ ಹಾಕುವುದು; ಎಫ್‌ಎಫ್‌ಎಂಪೆಗ್‌ನಲ್ಲಿ ಕೋಡೆಕ್ ಜಾಗದಲ್ಲಿ ಕಾಪಿ ಎಂದು ಕೊಡಿ. ಮತ್ತೆ ಎನ್‌ಕೋಡ್ ಆಗುವುದಿಲ್ಲ, ಗುಣಮಟ್ಟ ಇಳಿಯುವುದಿಲ್ಲ.

ಹಂತ 4: ಆಂಡ್ರಾಯ್ಡ್‌ನಲ್ಲಿ ರೆಕಾರ್ಡಿಂಗ್ ಕೋಡ್

ಮೀಡಿಯಾರೆಕಾರ್ಡರ್ ಹಟಮಾರಿ. ಸೋರ್ಸ್, ಆಮೇಲೆ ಔಟ್‌ಪುಟ್ ಫಾರ್ಮ್ಯಾಟ್, ಆಮೇಲೆ ಎನ್‌ಕೋಡರ್, ಆಮೇಲೆ ಪ್ರಿಪೇರ್, ಕೊನೆಗೆ ಸ್ಟಾರ್ಟ್. ಈ ಕ್ರಮ ತಪ್ಪಿದರೆ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಶನ್. ಸ್ಟಾರ್ಟ್ ಆದ ಕೂಡಲೇ ಸ್ಟಾಪ್ ಒತ್ತಿದರೆ, ಒಂದೂ ಸರಿಯಾದ ಫ್ರೇಮ್ ಬಂದಿರದ ಕಾರಣ ಸ್ಟಾಪ್ ಕರೆಯೇ ರನ್‌ಟೈಮ್ ಎಕ್ಸೆಪ್ಶನ್ ಎಸೆಯುತ್ತದೆ. ಇದು ಬಗ್ ಅಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಆ ಎಕ್ಸೆಪ್ಶನ್ ಹಿಡಿದು, ಆ ಫೈಲನ್ನು ಅಳಿಸಿ.

ಕ್ಯಾಮೆರಾಎಕ್ಸ್ ಎಂಬ ಆಂಡ್ರಾಯ್ಡ್ ಲೈಬ್ರರಿ ಬಳಸುತ್ತಿದ್ದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಸ್ಟಾಪ್ ಕರೆದ ಕ್ಷಣಕ್ಕೆ ಫೈಲ್ ಮುಗಿದಿರುವುದಿಲ್ಲ. ಫೈನಲೈಜ್ ಎಂಬ ಈವೆಂಟ್ ಬಂದಮೇಲೆ ಮುಗಿಯುತ್ತದೆ. ಸ್ಟಾಪ್ ಬಟನ್ ಒತ್ತಿದ ಮರುಸಾಲಿನಲ್ಲೇ ಅಪ್‌ಲೋಡ್ ಶುರು ಮಾಡಿದ ಕೋಡ್ ಎಷ್ಟೋ ಕಡೆ ನೋಡಿದ್ದೇನೆ. ಫೋನಿನಲ್ಲಿ ವಿಡಿಯೋ ಚೆನ್ನಾಗಿ ಓಡುತ್ತದೆ, ಸರ್ವರ್‌ನಲ್ಲಿ ಅದೇ ವಿಡಿಯೋಗೆ ಮೂವ್ ಇರುವುದಿಲ್ಲ. ಎರಡರ ಗಾತ್ರ ಪಕ್ಕಪಕ್ಕ ಇಟ್ಟು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಐಫೋನ್‌ನ ಅಸೆಟ್ ರೈಟರ್‌ನಲ್ಲೂ ಮುಗಿಸುವ ಕರೆ ಹಿನ್ನೆಲೆಯಲ್ಲೇ ನಡೆಯುತ್ತದೆ, ಅಲ್ಲೂ ಕಾಯಬೇಕು. ಫೈನಲೈಜ್ ಈವೆಂಟ್ ಜೊತೆ ಬರುವ ಎರರ್ ಕೋಡನ್ನೂ ಲಾಗ್‌ಗೆ ಬರೆಯಿರಿ. ಜಾಗ ಸಾಲದು, ಸೋರ್ಸ್ ನಿಂತಿದೆ, ಡೇಟಾ ಬಂದಿಲ್ಲ ಎಂದು ಅದು ಬಿಡಿಸಿ ಹೇಳುತ್ತದೆ.

ಚಿತ್ರ ಇದೆ, ಧ್ವನಿ ಇಲ್ಲ ಎಂದರೆ ತೆರೆ ಆಫ್ ಆಗಿತ್ತಾ ಎಂದು ಕೇಳಿ. ಆಂಡ್ರಾಯ್ಡ್ 9ರಿಂದ ಹಿನ್ನೆಲೆಗೆ ಹೋದ ಆ್ಯಪ್‌ಗೆ ಮೈಕ್ ಬರೀ ಮೌನ ಕೊಡುತ್ತದೆ, ಕ್ಯಾಮೆರಾ ಎರರ್ ಕೊಡುತ್ತದೆ. ಫೋರ್‌ಗ್ರೌಂಡ್ ಸರ್ವಿಸ್ (ಬಳಕೆದಾರರಿಗೆ ಸೂಚನೆ ತೋರಿಸುತ್ತಾ ಓಡುವ ಭಾಗ) ಬೇಕು. ಅದರ ಬಗೆಯನ್ನು ಕ್ಯಾಮೆರಾ, ಮೈಕ್ರೋಫೋನ್ ಎಂದು ಮ್ಯಾನಿಫೆಸ್ಟ್‌ನಲ್ಲಿ ಬರೆದಿರಬೇಕು.

ಇನ್ನು ಬಿಸಿಲು. ರಾಯಚೂರಿನಲ್ಲಿ ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವುದು ಮಾಮೂಲು. ಐಫೋನ್ ಬಳಸಲು ಆಪಲ್ ಹೇಳಿರುವ ಸುತ್ತಲಿನ ತಾಪಮಾನವೇ 0ಯಿಂದ 35 ಡಿಗ್ರಿ. ಹೊಲದಲ್ಲಿ ನಿಂತು ಹತ್ತಿಯ ವಿಡಿಯೋ ತೆಗೆಯುವ ಫೋನ್ ಬಿಸಿಯಾಗಿ ಪ್ರೊಸೆಸರ್ ವೇಗ ಇಳಿಸುತ್ತದೆ. ಮೊದಲು ಫ್ರೇಮ್ ಬಿಡಲು ಶುರುಮಾಡುತ್ತದೆ, ಆಮೇಲೆ ಕ್ಯಾಮೆರಾ ಮುಚ್ಚುತ್ತದೆ. ಬೆಂಗಳೂರಿನ ಆಫೀಸಿನಲ್ಲಿ ಕೂತು ಪರೀಕ್ಷಿಸಿದವರಿಗೆ ಇದು ಸಿಗುವುದೇ ಇಲ್ಲ. ಆಂಡ್ರಾಯ್ಡ್ 10ರಿಂದ ಪವರ್ ಮ್ಯಾನೇಜರ್‌ನಲ್ಲಿ ಥರ್ಮಲ್ ಸ್ಥಿತಿ ಕೇಳಬಹುದು. ಪ್ರತಿ ರೆಕಾರ್ಡಿಂಗ್ ಜೊತೆ ಅದನ್ನು ಬರೆದಿಡಿ. ಏರುತ್ತಿದ್ದರೆ 1080ರಿಂದ 720ಕ್ಕೆ, 30 ಫ್ರೇಮ್‌ನಿಂದ 24ಕ್ಕೆ ಇಳಿಸಿ. ಬಳಕೆದಾರರಿಗೆ ನೆರಳಿಗೆ ಬರಲು ಹೇಳುವ ಒಂದು ಸಾಲಿನ ಸೂಚನೆಯೂ ದೊಡ್ಡ ಕೆಲಸ ಮಾಡುತ್ತದೆ.

ಹಂತ 5: ಚಿತ್ರವನ್ನೇ ಓದಿ

ಫೈಲ್ ತೆರೆಯಿತು, ಆದರೆ ಚಿತ್ರ ಕೆಟ್ಟಿದೆ. ಇಲ್ಲಿ ಎಷ್ಟೋ ಜನ ಲಾಗ್ ಹುಡುಕುತ್ತಾ ಕೂರುತ್ತಾರೆ. ಚಿತ್ರ ಯಾವ ರೀತಿ ಕೆಟ್ಟಿದೆ ಎಂಬುದೇ ಅತ್ಯಂತ ಒಳ್ಳೆಯ ಲಾಗ್. ಒಂದು ಸ್ಕ್ರೀನ್‌ಶಾಟ್ ತೆಗೆದು ನಿಧಾನವಾಗಿ ನೋಡಿ.

ಇಡೀ ಚಿತ್ರ ಗಾಢ ಹಸಿರು: ಬಫರ್, ಅಂದರೆ ಫ್ರೇಮ್ ಇಡುವ ಮೆಮೊರಿ ಜಾಗ, ಖಾಲಿ. ವಿಡಿಯೋ ಡಿಕೋಡರ್ ಕೊಡುವುದು ಕೆಂಪು, ಹಸಿರು, ನೀಲಿಯ ಲೆಕ್ಕದಲ್ಲಲ್ಲ. ಬೆಳಕಿಗೆ ಒಂದು, ಬಣ್ಣಕ್ಕೆ ಎರಡು ಸಂಖ್ಯೆಗಳ ವೈಯುವಿ ಲೆಕ್ಕದಲ್ಲಿ. ಮೂರೂ ಸೊನ್ನೆ ಇದ್ದರೆ ಪರಿವರ್ತನೆ ಆದಮೇಲೆ ಸಿಗುವುದು ಕಪ್ಪಲ್ಲ, ಹಸಿರು. ಅಂದರೆ ಡಿಕೋಡರ್ ತುಂಬುವ ಮೊದಲೇ ನೀವು ಬಫರ್ ತೋರಿಸಿದ್ದೀರಿ, ಅಥವಾ ಮೊದಲ ಕೀಫ್ರೇಮ್ (ಪೂರ್ತಿ ಚಿತ್ರ ಇರುವ ಫ್ರೇಮ್) ಬರುವ ಮುಂಚೆ ಡಿಕೋಡ್ ಶುರು ಮಾಡಿದ್ದೀರಿ.

ಕೆಳಗೆ ಮಾತ್ರ ತೆಳು ಹಸಿರು ಪಟ್ಟಿ: ಎಚ್.264 ಚಿತ್ರವನ್ನು 16 ಬೈ 16ರ ಚೌಕಗಳಾಗಿ ಒಡೆಯುತ್ತದೆ. 1080 ಹದಿನಾರರಿಂದ ಭಾಗವಾಗುವುದಿಲ್ಲ, ಹಾಗಾಗಿ ಒಳಗೆ 1088 ಸಾಲು ಇರುತ್ತವೆ. ಕೊನೆಯ 8 ಸಾಲನ್ನು ಕತ್ತರಿಸಿ ಎಂಬ ಸೂಚನೆ ಸ್ಟ್ರೀಮ್‌ನಲ್ಲೇ ಇರುತ್ತದೆ. ಔಟ್‌ಪುಟ್ ಫಾರ್ಮ್ಯಾಟ್‌ನ ಕ್ರಾಪ್ ಬೆಲೆಗಳನ್ನು ಓದದೆ ಇಡೀ ಬಫರ್ ತೋರಿಸಿದರೆ ಈ ಪಟ್ಟಿ ಕಾಣುತ್ತದೆ.

ಚಿತ್ರ ಓರೆಯಾಗಿ ಜಾರಿದಂತಿದೆ: ಇದು ಸ್ಟ್ರೈಡ್ (ಮೆಮೊರಿಯಲ್ಲಿ ಒಂದು ಸಾಲಿನ ಉದ್ದ) ತಪ್ಪು, ಒಮ್ಮೆ ಹತ್ತಿರದಿಂದ ನೋಡೋಣ. ರೊಟೇಶನ್ ಸೂಚನೆ ಇಲ್ಲದೆ ನೆಟ್ಟಗಿನ ಚಿತ್ರವಾಗಿಯೇ ಎನ್‌ಕೋಡ್ ಆದ ವಿಡಿಯೋ 1080 ಅಗಲ. ಕೆಲವು ಹಾರ್ಡ್‌ವೇರ್ ಡಿಕೋಡರ್‌ಗಳು ಪ್ರತಿ ಸಾಲನ್ನು 64ರ ಗುಣಕಕ್ಕೆ ಏರಿಸಿ ಇಡುತ್ತವೆ. ಆಗ ಮೆಮೊರಿಯಲ್ಲಿ ಒಂದು ಸಾಲು 1088 ಬೈಟ್. ನಿಮ್ಮ ಕೋಡ್ 1080 ಎಂದುಕೊಂಡು ಓದಿದರೆ ಎರಡನೇ ಸಾಲು 8 ಪಿಕ್ಸೆಲ್ ಜರುಗುತ್ತದೆ, ಮೂರನೆಯದು 16, ಹತ್ತನೆಯದು 72. ನೆಟ್ಟಗಿರಬೇಕಾದ ಕಂಬ ಇಡೀ ತೆರೆಯ ಮೇಲೆ ಓರೆ ಬೀಳುತ್ತದೆ. ಅಡ್ಡ ಹಿಡಿದು ತೆಗೆದ 1920 ಅಗಲದ ವಿಡಿಯೋದಲ್ಲಿ ಈ ತಪ್ಪು ಕಾಣುವುದೇ ಇಲ್ಲ, ಏಕೆಂದರೆ 1920 ಸರಿಯಾಗಿ 64 ಗುಣಿಸು 30. ಅಡ್ಡ ವಿಡಿಯೋದಲ್ಲಿ ಮಾತ್ರ ಪರೀಕ್ಷಿಸಿದ ಆ್ಯಪ್ ಹಳ್ಳಿಗೆ ಹೋದ ದಿನವೇ ಕೈಕೊಡುವುದು ಹೀಗೆ. ಆಂಡ್ರಾಯ್ಡ್‌ನಲ್ಲಿ ರೋ ಸ್ಟ್ರೈಡ್ ಮತ್ತು ಪಿಕ್ಸೆಲ್ ಸ್ಟ್ರೈಡ್ ಎರಡನ್ನೂ ಕೇಳಿ ಓದಿ. ಎಫ್‌ಎಫ್‌ಎಂಪೆಗ್ ಲೈಬ್ರರಿಯಲ್ಲಿ ಅಗಲದ ಬದಲು ಲೈನ್‌ಸೈಜ್ ಬಳಸಿ.

ಹಣೆಯ ಕುಂಕುಮ ನೀಲಿಯಾಗಿ ಕಂಡರೆ ಬಣ್ಣಗಳ ಜಾಗ ಅದಲು ಬದಲಾಗಿದೆ. ಚಿತ್ರ ಸಂಸ್ಕರಿಸುವ ಲೈಬ್ರರಿ ಓಪನ್‌ಸಿವಿ ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಡುತ್ತದೆ, ಬೇರೆ ಲೈಬ್ರರಿಗಳು ಕೆಂಪಿನಿಂದ ಶುರು ಮಾಡುತ್ತವೆ. ಎನ್‌ವಿ12, ಎನ್‌ವಿ21 ಎಂಬ ಎರಡು ವೈಯುವಿ ಜೋಡಣೆಗಳ ನಡುವೆ ಯು ಮತ್ತು ವಿ ಅದಲು ಬದಲಾದರೂ ಹೀಗೇ ಆಗುತ್ತದೆ.

ಇಡೀ ಚಿತ್ರ ಮಂಜು ಕವಿದಂತೆ ಪೇಲವ: ರೇಂಜ್ ನೋಡಿ. ವಿಡಿಯೋದಲ್ಲಿ ಸಾಮಾನ್ಯವಾಗಿ ಕಪ್ಪು ಎಂದರೆ 16, ಬಿಳುಪು ಎಂದರೆ 235. ಅದನ್ನು 0ಯಿಂದ 255 ಎಂದುಕೊಂಡು ತೋರಿಸಿದರೆ ಕಪ್ಪು ಬೂದಿಯಾಗುತ್ತದೆ. ಕೊಪ್ಪಳದ ಕಿನ್ನಾಳ ಗೊಂಬೆಗಳ ವಿಡಿಯೋದಲ್ಲಿ ಆ ಹೊಳೆಯುವ ಕೆಂಪು, ಹಳದಿ ಮಂಕಾಗಿ ಕಂಡರೆ ಇನ್ನೊಂದು ಕಾರಣವನ್ನೂ ನೋಡಿ. 2020ರ ಐಫೋನ್ 12ರಿಂದ ಎಚ್‌ಡಿಆರ್ (ಹೆಚ್ಚು ಬೆಳಕು, ಬಣ್ಣ ಹಿಡಿಯುವ) ವಿಡಿಯೋ ಬರುತ್ತದೆ, ಅದು 10 ಬಿಟ್. ಟೋನ್ ಮ್ಯಾಪಿಂಗ್ (ಬೆಳಕಿನ ಮಟ್ಟ ಹೊಂದಿಸುವುದು) ಮಾಡದೆ 8 ಬಿಟ್‌ಗೆ ಇಳಿಸಿದರೆ ಬಣ್ಣ ಸಾಯುತ್ತದೆ. ಸುಲಭದ ದಾರಿ, ತೆಗೆಯುವ ಮೊದಲೇ ಫೋನಿನ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿಸುವುದು.

ವಿಡಿಯೋ ಮಗ್ಗುಲಾಗಿ ಮಲಗಿದ್ದರೆ ರೊಟೇಶನ್ ಸೂಚನೆಯನ್ನು ನಿಮ್ಮ ಕೋಡ್ ಓದುತ್ತಿಲ್ಲ ಅಷ್ಟೇ.

ಅಡ್ಡ ಪಟ್ಟಿಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದರೆ ಡಿಕೋಡರ್ ಬಯ್ಯಬೇಡಿ. ನಮ್ಮ ಕರೆಂಟ್ 50 ಹರ್ಟ್ಜ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾ 60 ಹರ್ಟ್ಜ್‌ಗೆ ಹೊಂದಿಸಿದ್ದರೆ ಪಟ್ಟಿ ಬರುತ್ತದೆ. ಆ್ಯಂಟಿಬ್ಯಾಂಡಿಂಗ್ 50 ಹರ್ಟ್ಜ್ ಮಾಡಿ, ಅಥವಾ ಶಟರ್ 1/50, 1/100 ಇಡಿ.

ಹಂತ 6: ಸಮಯದ ಲೆಕ್ಕ

ಮಾತು ಮುಂದೆ, ತುಟಿ ಹಿಂದೆ. ಇಲ್ಲಿ ಮೊದಲು ಕೇಳಬೇಕಾದದ್ದು: ಶುರುವಿನಿಂದಲೂ ಅಷ್ಟೇ ಅಂತರವಾ, ಅಥವಾ ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತಾ?

ಒಂದೇ ಅಂತರ ಇದ್ದರೆ ಧ್ವನಿ, ಚಿತ್ರ ಬೇರೆ ಬೇರೆ ಕ್ಷಣಕ್ಕೆ ಶುರುವಾಗಿವೆ ಅಥವಾ ಬೇರೆ ಬೇರೆ ಗಡಿಯಾರ ನೋಡುತ್ತಿವೆ. ಬೆಳೆಯುತ್ತಾ ಹೋದರೆ ವೇಗದ ಲೆಕ್ಕವೇ ತಪ್ಪಿದೆ. 44,100 ಹರ್ಟ್ಜ್‌ನಲ್ಲಿ ದಾಖಲಾದ ಧ್ವನಿಯನ್ನು 48,000 ಎಂದು ಬರೆದರೆ ಒಂದು ಗಂಟೆಯ ಧ್ವನಿ 55 ನಿಮಿಷಕ್ಕೆ ಮುಗಿಯುತ್ತದೆ, ದನಿಯೂ ಕೀರಲಾಗುತ್ತದೆ. ಫೋನುಗಳು ಮಂದ ಬೆಳಕಿನಲ್ಲಿ ಫ್ರೇಮ್ ರೇಟ್ ತಾವಾಗಿಯೇ ಇಳಿಸುತ್ತವೆ. ಅಂಥ ಫೈಲನ್ನು ಸಮ ಅಂತರದ 30 ಫ್ರೇಮ್ ಎಂದುಕೊಂಡು ಸಂಸ್ಕರಿಸಿದರೆ ಚಿತ್ರ ಮುಂದೆ ಓಡುತ್ತದೆ. ಓಪನ್‌ಸಿವಿಯ ವಿಡಿಯೋರೈಟರ್‌ನಲ್ಲಿ ಇದು ದಿನನಿತ್ಯದ ಕಥೆ: ರೈಟರ್‌ಗೆ 30 ಎಂದು ಕೊಟ್ಟಿರುತ್ತಾರೆ, ಕ್ಯಾಮೆರಾ ಕೊಡುವುದು 15, ಜನ ಡಬಲ್ ವೇಗದಲ್ಲಿ ನಡೆಯುತ್ತಾರೆ. ಅದೇ ರೈಟರ್‌ಗೆ ಹೇಳಿದ ಅಳತೆಯೂ ಕೊಟ್ಟ ಫ್ರೇಮಿನ ಅಳತೆಯೂ ಬೇರೆ ಇದ್ದರೆ ಎರರ್ ಇಲ್ಲದೆ ಸುಮ್ನೆ ಬಿಟ್ಟುಬಿಡುತ್ತದೆ. ಕೆಲವೇ ಬೈಟ್‌ಗಳ ಫೈಲ್ ಉಳಿಯುತ್ತದೆ.

ಮಾನದ ತಪ್ಪೂ ಸಾಮಾನ್ಯ. ಆಂಡ್ರಾಯ್ಡ್ ಕ್ಯಾಮೆರಾ ಸಮಯ ಕೊಡುವುದು ನ್ಯಾನೋಸೆಕೆಂಡಿನಲ್ಲಿ, ಅದರ ಎನ್‌ಕೋಡ್, ಡಿಕೋಡ್ ಭಾಗವಾದ ಮೀಡಿಯಾಕೋಡೆಕ್ ಕೇಳುವುದು ಮೈಕ್ರೋಸೆಕೆಂಡಿನಲ್ಲಿ. ಭಾಗಿಸಲು ಮರೆತರೆ ಅವಧಿ ಸಾವಿರ ಪಟ್ಟು. ಎಫ್‌ಎಫ್‌ಎಂಪೆಗ್‌ನಲ್ಲಿ ಪ್ರತಿ ಸ್ಟ್ರೀಮ್‌ಗೂ ತನ್ನದೇ ಟೈಮ್ ಬೇಸ್ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ರೀಸ್ಕೇಲ್ ಮಾಡಲೇಬೇಕು.

ಕೊನೆಯ ಕೆಲವು ಫ್ರೇಮ್ ಮಾಯವಾಗಿದ್ದರೆ ಡಿಕೋಡರ್ ಬರಿದು ಮಾಡಿಲ್ಲ ಎಂದರ್ಥ. ಮುಂದಿನ ಫ್ರೇಮನ್ನೂ ನೋಡಿ ಕಟ್ಟುವ ಬಿ ಫ್ರೇಮ್‌ಗಳಿರುವಾಗ ಡಿಕೋಡರ್ ಕೆಲವನ್ನು ಒಳಗೆ ಹಿಡಿದಿರುತ್ತದೆ. ಎಲ್ಲ ಪ್ಯಾಕೆಟ್ ಮುಗಿದ ಮೇಲೆ ಒಂದು ಖಾಲಿ ಪ್ಯಾಕೆಟ್ ಕಳಿಸಿ, ಇನ್ನು ಇಲ್ಲ ಎನ್ನುವವರೆಗೆ ಫ್ರೇಮ್ ಕೇಳುತ್ತಿರಿ. ನಡುವೆ ಬರುವ "ಮತ್ತೆ ಪ್ರಯತ್ನಿಸಿ" ಎಂಬ ಉತ್ತರ ಎರರ್ ಅಲ್ಲ. ಮೀಡಿಯಾಕೋಡೆಕ್‌ನಲ್ಲಿ ಇದೇ ಕೆಲಸಕ್ಕೆ ಎಂಡ್ ಆಫ್ ಸ್ಟ್ರೀಮ್ ಗುರುತು ಇದೆ. ಅಲ್ಲಿ ಇನ್ನೊಂದು ಎಚ್ಚರಿಕೆ: ತೆಗೆದುಕೊಂಡ ಔಟ್‌ಪುಟ್ ಬಫರ್ ವಾಪಸ್ ಕೊಡದಿದ್ದರೆ ಒಂದಷ್ಟು ಫ್ರೇಮ್ ಆದಮೇಲೆ ಡಿಕೋಡರ್ ಉಸಿರೇ ಎತ್ತುವುದಿಲ್ಲ. ಕೋಡೆಕ್ ಅನ್ನೇ ಬಿಡುಗಡೆ ಮಾಡದಿದ್ದರೆ ನಾಲ್ಕಾರು ವಿಡಿಯೋ ತೆರೆದ ಮೇಲೆ ಮುಂದಿನದು ತೆರೆಯುವುದಿಲ್ಲ, ಫೋನಿನಲ್ಲಿ ಹಾರ್ಡ್‌ವೇರ್ ಡಿಕೋಡರ್‌ಗಳು ಇರುವುದೇ ಕೆಲವು.

ಹಾರ್ಡ್‌ವೇರ್ ಮೇಲೆ ಅನುಮಾನ ಬಂದರೆ ಆಂಡ್ರಾಯ್ಡ್‌ನ ಸಾಫ್ಟ್‌ವೇರ್ ಡಿಕೋಡರ್ ಅನ್ನು ಹೆಸರು ಹಿಡಿದು ಕರೆದು ಅದೇ ಫೈಲ್ ಕೊಡಿ. ಅದರಲ್ಲಿ ಚೆನ್ನಾಗಿ ಬಂದರೆ ತಪ್ಪು ಆ ಫೋನಿನ ಡಿಕೋಡರ್‌ನದು, ಅಥವಾ ಆ ಡಿಕೋಡರ್ ಕೊಡುವ ಬಫರನ್ನು ನೀವು ಓದುವ ರೀತಿಯದು.

ಹಂತ 7: ಮಿಲ್ಲಿನ ಗೇಟಿನ ಕ್ಯಾಮೆರಾ

ಅಕ್ಕಿ ಗಿರಣಿಗಳಲ್ಲಿ ಲಾರಿಗೆ ಹತ್ತುವ ಚೀಲ ಎಣಿಸುವ ಸಾಫ್ಟ್‌ವೇರ್‌ಗೆ ಈಗ ಬೇಡಿಕೆ ಇದೆ. ಐಪಿ (ನೆಟ್‌ವರ್ಕ್) ಕ್ಯಾಮೆರಾದಿಂದ ಆರ್‌ಟಿಎಸ್‌ಪಿ ಎಂಬ ವಿಧಾನದಲ್ಲಿ ನೇರ ವಿಡಿಯೋ ಸ್ಟ್ರೀಮ್ ಬರುತ್ತದೆ. ದೂರು ಸಾಮಾನ್ಯವಾಗಿ ಎರಡು.

ಮೊದಲನೆಯದು, ಚಿತ್ರ ಬೂದು ಬಣ್ಣಕ್ಕೆ ತಿರುಗಿ ಹಮಾಲರು ನಡೆದಾಡಿದ ಕಡೆ ಮಾತ್ರ ಕಲೆ ಕಲೆಯಾಗಿ ಕಾಣುವುದು. ಕೀಫ್ರೇಮ್‌ನಲ್ಲಿ ಮಾತ್ರ ಪೂರ್ತಿ ಚಿತ್ರ ಇರುತ್ತದೆ; ಉಳಿದವುಗಳಲ್ಲಿ ಏನು ಬದಲಾಯಿತು ಎಂಬುದು ಮಾತ್ರ. ಕಳೆದದ್ದನ್ನು ಮತ್ತೆ ಕಳಿಸದ ಯುಡಿಪಿ ಸಾಗಣೆಯಲ್ಲಿ ಪ್ಯಾಕೆಟ್ ಕಳೆದು ಕೀಫ್ರೇಮ್ ಹಾಳಾದರೆ ಮುಂದಿನ ಕೀಫ್ರೇಮ್ ಬರುವವರೆಗೆ ಕಾಣುವುದು ಬದಲಾವಣೆ ಮಾತ್ರ. ಸಾಗಣೆಯನ್ನು, ಕಳೆದದ್ದನ್ನು ಮತ್ತೆ ಕಳಿಸುವ ಟಿಸಿಪಿಗೆ ಬದಲಿಸಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಕೀಫ್ರೇಮ್ ಅಂತರವನ್ನು ಒಂದೆರಡು ಸೆಕೆಂಡಿಗೆ ಇಳಿಸಿ. 25 ಫ್ರೇಮ್ ಇದ್ದರೆ 25 ಅಥವಾ 50.

ಎರಡನೆಯದು, ಲಾರಿ ಹೋಗಿ ಎಷ್ಟೋ ಹೊತ್ತಾದಮೇಲೆ ತೆರೆಯಲ್ಲಿ ಲಾರಿ ಕಾಣುವುದು. ಕ್ಯಾಮೆರಾ 40 ಮಿಲಿಸೆಕೆಂಡಿಗೊಂದು ಫ್ರೇಮ್ ಕಳಿಸುತ್ತದೆ. ನಿಮ್ಮ ಎಣಿಕೆಗೆ 100 ಮಿಲಿಸೆಕೆಂಡ್ ಬೇಕು. ಒಂದು ನಿಮಿಷದಲ್ಲಿ 1,500 ಫ್ರೇಮ್ ಬಂದಿರುತ್ತವೆ, ನೀವು ಮುಗಿಸಿರುವುದು 600. ಆಗಲೇ 36 ಸೆಕೆಂಡ್ ಹಿಂದೆ. ಓದುವುದಕ್ಕೆ ಒಂದು ಥ್ರೆಡ್, ಎಣಿಸುವುದಕ್ಕೆ ಇನ್ನೊಂದು ಮಾಡಿ. ನಡುವೆ ಹೊಸ ಫ್ರೇಮ್ ಒಂದನ್ನೇ ಇಟ್ಟುಕೊಂಡು ಹಳೆಯದನ್ನು ಬಿಡಿ. ಎಲ್ಲವನ್ನೂ ಕ್ಯೂನಲ್ಲಿ ಕೂಡಿಡುತ್ತೇನೆ ಎಂದರೆ ಮೆಮೊರಿ ನೆನಪಿಡಿ: 1080ರ ಒಂದು ಬಿಚ್ಚಿದ ಫ್ರೇಮ್ ವೈಯುವಿ420ರಲ್ಲಿ (ಬಣ್ಣದ ವಿವರ ಕಡಿಮೆ ಮಾಡಿದ ವೈಯುವಿ) 3.1 ಎಂಬಿ. 300 ಫ್ರೇಮ್ ಕೂತರೆ 930 ಎಂಬಿ.

ದಿನವಿಡೀ ಓಡುವ ರೆಕಾರ್ಡರ್ ಒಂದು ದಿನ ಚೆನ್ನಾಗಿದ್ದು ಮಾರನೇ ದಿನ ಟೈಮ್‌ಸ್ಟಾಂಪ್ ಹಿಂದಕ್ಕೆ ಹಾರಿದರೆ ಆಶ್ಚರ್ಯಪಡಬೇಡಿ. ಪ್ರಸಾರಕ್ಕೆ ಬಳಸುವ ಎಂಪೆಗ್ ಟಿಎಸ್ ಕಂಟೇನರ್‌ನಲ್ಲಿ ಸಮಯದ ಸಂಖ್ಯೆ 33 ಬಿಟ್, ಸೆಕೆಂಡಿಗೆ 90,000 ಎಣಿಕೆ. ಸುಮಾರು 26 ಗಂಟೆ 30 ನಿಮಿಷಕ್ಕೆ ಅದು ತುಂಬಿ ಸೊನ್ನೆಗೆ ಬರುತ್ತದೆ. ಇದನ್ನು ಹಿಡಿಯುವ ಕೋಡ್ ಬೇಕು.

ಹಂತ 8: ಬ್ರೌಸರ್

ವಿಡಿಯೋ ಎಲಿಮೆಂಟ್‌ನ ಎರರ್ ಕೋಡ್ ಮೊದಲು ಓದಿ. 1 ನಿಲ್ಲಿಸಿದ್ದು, 2 ನೆಟ್‌ವರ್ಕ್, 3 ಡಿಕೋಡ್, 4 ಈ ಬಗೆಯ ಫೈಲ್ ಬಾರದು. 3 ಮತ್ತು 4ರ ದಾರಿ ಪೂರ್ತಿ ಬೇರೆ, ಎರಡನ್ನೂ ಒಂದೇ ಸಂದೇಶದಲ್ಲಿ ತೋರಿಸಬೇಡಿ.

ಪಿಎನ್‌ಜಿ ಚಿತ್ರಗಳಿಂದ ಎಫ್‌ಎಫ್‌ಎಂಪೆಗ್‌ನಲ್ಲಿ ವಿಡಿಯೋ ಮಾಡಿದರೆ ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ444 (ಬಣ್ಣದ ವಿವರ ಪೂರ್ತಿ ಇರುವ ವೈಯುವಿ) ಆಗಿ ಕೂರುತ್ತದೆ. ವಿಎಲ್‌ಸಿಯಲ್ಲಿ ಓಡುತ್ತದೆ, ಎಷ್ಟೋ ಫೋನು, ಬ್ರೌಸರ್‌ಗಳಲ್ಲಿ ಓಡುವುದಿಲ್ಲ. ವೈಯುವಿ420ಪಿ ಎಂದು ಬಾಯಿಬಿಟ್ಟು ಹೇಳಿ. ಆಗ ಅಗಲ, ಎತ್ತರ ಎರಡೂ ಸಮಸಂಖ್ಯೆ ಇರಬೇಕು.

ಪೂರ್ತಿ ಡೌನ್‌ಲೋಡ್ ಆದಮೇಲೆ ಮಾತ್ರ ಓಡುತ್ತದೆ ಎಂದರೆ ಮೂವ್ ಕೊನೆಯಲ್ಲಿದೆ. ಫಾಸ್ಟ್‌ಸ್ಟಾರ್ಟ್ ಆಯ್ಕೆ ಕೊಟ್ಟು ರೀಮಕ್ಸ್ ಮಾಡಿದರೆ ಅದು ಮುಂದಕ್ಕೆ ಬರುತ್ತದೆ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಇದೊಂದೇ ಬದಲಾವಣೆ ಎಷ್ಟೋ ದೂರು ನಿಲ್ಲಿಸುತ್ತದೆ. ಸರ್ವರ್ ರೇಂಜ್ ವಿನಂತಿಗೆ (ಫೈಲಿನ ಒಂದು ತುಂಡು ಮಾತ್ರ ಕೇಳುವುದು) 206 ಉತ್ತರ ಕೊಡುತ್ತಿದೆಯಾ ನೋಡಿ. ಕೊಡದಿದ್ದರೆ ಸಫಾರಿ ವಿಡಿಯೋ ಓಡಿಸುವುದೇ ಇಲ್ಲ. ತಾನಾಗೇ ಶುರುವಾಗಬೇಕಾದ ವಿಡಿಯೋ ಮ್ಯೂಟ್ ಆಗಿರಬೇಕು, ಐಫೋನ್‌ಗೆ ಪ್ಲೇಸ್ ಇನ್‌ಲೈನ್ ಕೂಡ ಬೇಕು. ಬ್ರೌಸರ್‌ನಲ್ಲೇ ರೆಕಾರ್ಡ್ ಮಾಡಿದ ವೆಬ್‌ಎಂ ಫೈಲಿನಲ್ಲಿ ಅವಧಿ ಬರೆದಿರುವುದಿಲ್ಲ, ಹಾಗಾಗಿ ಮುಂದೆ ಹಿಂದೆ ಎಳೆಯಲು ಬರುವುದಿಲ್ಲ. ಸರ್ವರ್‌ನಲ್ಲಿ ಒಮ್ಮೆ ರೀಮಕ್ಸ್ ಮಾಡಿ.

ಕೊನೆಗೆ, ಕೆಟ್ಟ ಫೈಲುಗಳ ಫೋಲ್ಡರ್

ಸಿಕ್ಕ ಪ್ರತಿ ಕೆಟ್ಟ ಫೈಲನ್ನು ಗ್ರಾಹಕರ ಒಪ್ಪಿಗೆ ಪಡೆದು ಒಂದು ಫೋಲ್ಡರ್‌ನಲ್ಲಿ ಇಡಿ. ಹೆಸರಿನಲ್ಲೇ ಕಾರಣ ಬರೆಯಿರಿ: ಮೂವ್ ಇಲ್ಲ, ನೆಟ್ಟಗಿನ 1080, ಎಚ್‌ಡಿಆರ್, 44,100 ಧ್ವನಿ, ತಿರುಗಿಸಿದ್ದು. ಹೊಸ ಆವೃತ್ತಿ ಬಿಡುವ ಮುನ್ನ ಆ ಎಲ್ಲವನ್ನೂ ಆ್ಯಪ್‌ನಲ್ಲಿ ಓಡಿಸಿ. ರೆಕಾರ್ಡರ್ ಬದಲಿಸಿದ್ದರೆ ಇನ್ನೊಂದು ಪರೀಕ್ಷೆ ಮಾಡಿ: ರೆಕಾರ್ಡಿಂಗ್ ನಡೆಯುವಾಗಲೇ ಆ್ಯಪ್ ಅನ್ನು ಬಲವಂತವಾಗಿ ನಿಲ್ಲಿಸಿ. ಉಳಿದ ಫೈಲ್ ಗ್ಯಾಲರಿಯಲ್ಲಿ ತೆರೆದರೆ ಆವೃತ್ತಿ ಬಿಡಿ. ತೆರೆಯದಿದ್ದರೆ ಹಂತ 3ಕ್ಕೆ ಹೋಗಿ ತುಂಡು ಮಾಡುವ ಕೋಡ್ ಮತ್ತೊಮ್ಮೆ ನೋಡಿ.